ಸರ್ ಅಂದವರು ಲೋಟ ತೊಳೆಯಬೇಕು

ಚಿಕ್ಕ ಸೊಸೆ ಆ ಬೆಳಿಗ್ಗೆ ಆಗಲೇ ಎರಡನೇ ಸಲ ಲೋಟ ತೊಳೆಯುತ್ತಿದ್ದಳು. ನಲ್ಲಿಯ ನೀರು ದಾರದಂತೆ ಸಣ್ಣಗೆ ಇಳಿಯುತ್ತಿತ್ತು. ಸೋಪಿನ ಪುಡಿಗೆ ಬೆರಳ ಸಂದುಗಳು ಬಿರಿದು ಚುರುಚುರು ಎನ್ನುತ್ತಿದ್ದವು. ಲೋಟಗಳ ತಳದಲ್ಲಿ ಚಹಾ ಒಣಗಿ ಕಂದು ಬಳೆಯಂತೆ ಅಂಟಿಕೊಂಡಿತ್ತು, ಉಗುರಿನಿಂದ ಕೆರೆದರೆ ಮಾತ್ರ ಬಿಡುತ್ತಿತ್ತು. ಎಲ್ಲ ಲೋಟಗಳ ಮೇಲೂ ಕೆಂಪು ಅಕ್ಷರದಲ್ಲಿ ಒಂದೇ ಮಾತು: 'ನಾವು ಕಂಪನಿಯಲ್ಲ, ಕುಟುಂಬ.' ಆ ಮಾತನ್ನು ಬರೆದುಕೊಟ್ಟವಳೂ ಅವಳೇ.

ಅವಳು ಯಾರ ಮನೆಯ ಸೊಸೆಯೂ ಅಲ್ಲ. ಅವಳಿಗೆ ಮದುವೆಯೇ ಆಗಿರಲಿಲ್ಲ. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಜಾಹೀರಾತಿಗೆ ಸಾಲು ಬರೆಯುವುದು ಅವಳ ಕೆಲಸ. ಸೋಪಿಗೆ ಒಂದು ಸಾಲು, ಬಣ್ಣಕ್ಕೆ ಎರಡು ಸಾಲು, ಸಾಲ ಕೊಡುವ ಬ್ಯಾಂಕಿಗೆ ಇಡೀ ಒಂದು ಪದ್ಯ. ಹೋದ ಬೇಸಿಗೆಯವರೆಗೆ ಅಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಅವಳು ಯಜಮಾನನನ್ನು ಸರ್ ಎನ್ನುತ್ತಿದ್ದಳು. ಸಂಜೆ ಆರಾದರೆ ಚೀಲ ಹೆಗಲಿಗೇರಿಸಿ ಮನೆಗೆ ಹೊರಡುತ್ತಿದ್ದಳು.

ಆಮೇಲೆ ಯಜಮಾನ ನಾಯಕತ್ವದ ತರಬೇತಿಗೆಂದು ಯಾವುದೋ ಬೆಟ್ಟದ ಮೇಲಿನ ಹೋಟೆಲಿಗೆ ಹೋದ. ಹೋಗುವಾಗ ಸಾಧಾರಣ ಮನುಷ್ಯನಾಗಿದ್ದ. ಬರುವಾಗ ಎಲ್ಲರಿಗೂ ಅಣ್ಣನಾಗಿ ಬಂದ.

"ಇನ್ಮೇಲೆ ಇಲ್ಲಿ ಮ್ಯಾನೇಜರ್ ಇಲ್ಲ, ಗುಮಾಸ್ತ ಇಲ್ಲ," ಎಂದ ಅವನು ಮೊದಲ ದಿನ, ಮೇಜಿನ ಮೇಲೆ ಹತ್ತಿ ಕೂತು. "ನಾನು ನಿಮ್ಮ ಅಣ್ಣ. ನೀವೆಲ್ಲ ನನ್ನ ಮನೆಯವರು. ಮನೇಲಿ ಯಾರಾದ್ರೂ ಸರ್ ಅಂತಾರಾ?"

"ಇಲ್ಲ ಸರ್," ಎಂದರು ಎಲ್ಲರೂ.

ಅವತ್ತೇ ನಿಯಮ ಬಂತು. ಸರ್ ಅಂದವರು ಇಡೀ ಮನೆಯ ಲೋಟ ತೊಳೆಯಬೇಕು.

ಗೋಡೆಯ ಮೇಲೆ ಒಂದು ದೊಡ್ಡ ಮರ ಬಂತು. ಆಫೀಸಿನಲ್ಲಿ ಚಿತ್ರ ಮಾಡುವ ಹುಡುಗ ಊಟ ಬಿಟ್ಟು ಅದನ್ನು ಬರೆದ. ಕೊಂಬೆಗೊಬ್ಬರಂತೆ ಫೋಟೋ ನೇತುಹಾಕಿದರು. ಲೆಕ್ಕ ನೋಡುವ ನರೆತಲೆಯವರು ಮಾವ ಆದರು. ಎಚ್‌ಆರ್ ಹುಡುಗಿ, ಇನ್ನೂ ಮೂವತ್ತು ತುಂಬದವಳು, ಕೂತಲ್ಲೇ ಅತ್ತೆಯಾಗಿಬಿಟ್ಟಳು. ಚಿತ್ರ ಮಾಡುವವನು ಮೈದುನನಾದ. ಸಾಲು ಬರೆಯುವವಳು ಎಲ್ಲರಿಗಿಂತ ಆಮೇಲೆ ಬಂದವಳಾದ್ದರಿಂದ ಕೆಳಗಿನ ಕೊಂಬೆಯಲ್ಲಿ ಚಿಕ್ಕ ಸೊಸೆಯಾಗಿ ನೇತಾಡಿದಳು.

"ಅಣ್ಣ, ಒಂದು ಅನುಮಾನ," ಎಂದ ಮೈದುನ. "ನೀವು ಮಾವನಿಗೂ ಅಣ್ಣ, ಸೊಸೆಗೂ ಅಣ್ಣ. ಅದು ಹೇಗೆ ಕೂಡುತ್ತೆ?"

"ಅದನ್ನೇ ನಾಯಕತ್ವ ಅನ್ನೋದು."

"ನನ್ನ ಗಂಡ ಯಾರು?" ಎಂದು ಚಿಕ್ಕ ಸೊಸೆ ಕೇಳಿದಳು. ಅವಳ ಪಕ್ಕದ ಚೌಕಟ್ಟು ಖಾಲಿಯಿತ್ತು.

"ಆ ಜಾಗಕ್ಕೆ ಇನ್ನೂ ಆಳು ಸಿಕ್ಕಿಲ್ಲ. ಜಾಹೀರಾತು ಕೊಟ್ಟಿದ್ದೀವಿ. ಅನುಭವ ಇರೋರು ಬರ್ತಿಲ್ಲ," ಎಂದಳು ಅತ್ತೆ, ತಲೆ ತಗ್ಗಿಸಿ.

ಕಸ ಗುಡಿಸುವ ಹೆಂಗಸು ಪೊರಕೆ ಹಿಡಿದು ಮರದ ಮುಂದೆ ಬಹಳ ಹೊತ್ತು ನಿಂತಿದ್ದಳು. "ನಾನ್ಯಾವ ಕೊಂಬೆ ಯಜಮಾನ್ರೇ?" ಎಂದಳು.

"ನಿಮ್ಮನ್ನ ಕಳಿಸೋದು ಬೇರೆ ಗುತ್ತಿಗೆದಾರ ಅಲ್ವಾಮ್ಮ. ನೀವು ಹೊರಗಿನವರಾಗ್ತೀರಿ."

ಅವಳಿಗೆ ಅವತ್ತು ಬೇಜಾರಾಯಿತು. ಬೇಜಾರು ಹೆಚ್ಚು ದಿನ ಉಳಿಯಲಿಲ್ಲ. ಯಾಕೆಂದರೆ ಹೆಚ್ಚು ಹೊತ್ತು ದುಡಿದದ್ದಕ್ಕೆ ಕೊಡುವ ಓಟಿ ನಿಂತದ್ದು ಮನೆಯವರಿಗೆ. "ಮನೆ ಕೆಲಸ ಮಾಡಿದ್ದಕ್ಕೆ ಯಾರಾದ್ರೂ ಓಟಿ ಕೇಳ್ತಾರಾ?" ಎಂದ ಅಣ್ಣ. ಭಾನುವಾರ ಹೋದದ್ದೂ ಮನೆಯವರಿಗೆ. "ಭಾನುವಾರ ಮನೆಯವರೆಲ್ಲ ಒಟ್ಟಿಗಿರೋ ದಿನ. ಬೇಗ ಬನ್ನಿ." ಗುಡಿಸುವ ಹೆಂಗಸಿಗೆ ಮಾತ್ರ ಭಾನುವಾರ ಭಾನುವಾರವಾಗಿಯೇ ಉಳಿಯಿತು. ದಿನಾ ಆರಕ್ಕೆ ಸರಿಯಾಗಿ ಪೊರಕೆ ಮೂಲೆಗಿಟ್ಟು, "ನಾನು ನಿಮಗೇನೂ ಆಗಬೇಕಾಗಿಲ್ಲವಲ್ಲ, ಬರ್ತೀನಿ," ಎಂದು ಹೊರಡುತ್ತಿದ್ದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಪಟಪಟ ಸದ್ದು ಮಾಡುತ್ತ ಇಳಿದು ಹೋಗುತ್ತಿತ್ತು. ಆ ಸದ್ದಿಗೆ ಇಡೀ ಕುಟುಂಬ ಹೊಟ್ಟೆ ಉರಿದುಕೊಂಡು ಕಿಟಕಿಗೆ ಬರುತ್ತಿತ್ತು.

ಚಿಕ್ಕ ಸೊಸೆಗೆ ನಿಜವಾದ ಮನೆ ಒಂದಿತ್ತು. ಅದರಲ್ಲಿದ್ದದ್ದು ಅವಳು, ಅವಳ ಅಮ್ಮ ಮತ್ತು ಅಮ್ಮನ ಹೊಟ್ಟೆಯೊಳಗಿನ ಕಲ್ಲು.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಪಿತ್ತಕೋಶದಲ್ಲಿ ಕಲ್ಲು ಬೆಳೆದಾಗಿನಿಂದ ನಿಂತು ಕೆಲಸ ಮಾಡಲಾಗದೆ, ಮಂಚದ ಮೇಲೆ ಮಂಡಿ ಎದೆಗೊತ್ತಿಕೊಂಡು ಮಲಗಿರುತ್ತಿದ್ದಳು. ನೋವು ಬಂದಾಗ ಕೂಗುತ್ತಿರಲಿಲ್ಲ. ದಿಂಬಿನ ಮೂಲೆಯನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಆಸ್ಪತ್ರೆಯವರು ಆಪರೇಷನ್ನಿಗೆ ಒಮ್ಮೆ ದಿನ ಕೊಟ್ಟಿದ್ದರು. ಒಳಗೆ ಕರೆದುಕೊಂಡು ಹೋಗುವ ಮೊದಲು ಮನೆಯವರು ಸಹಿ ಹಾಕಬೇಕು, ಮುಗಿಯುವ ತನಕ ಹೊರಗೆ ಕೂತಿರಬೇಕು ಎಂದಿದ್ದರು. ಆ ದಿನ ಆಫೀಸಿನಲ್ಲಿ ಕುಟುಂಬ ಸಮ್ಮಿಲನ. ಮಗಳಿಗೆ ರಜೆ ಸಿಗಲಿಲ್ಲ. ಸಹಿ ಹಾಕುವವರಿಲ್ಲದೆ ಅಮ್ಮ ಕಲ್ಲಿನ ಸಮೇತ ಬಸ್ಸು ಹತ್ತಿ ವಾಪಸು ಬಂದಳು.

"ಹೋಗಲಿ ಬಿಡು ಪುಟ್ಟಿ," ಎಂದಿದ್ದಳು. "ಮೊದಲು ನನ್ನ ಹೊಟ್ಟೆಯಲ್ಲಿ ನೀನಿದ್ದೆ, ಈಗ ಕಲ್ಲಿದೆ. ಕಲ್ಲೇ ವಾಸಿ ಕಣೇ. ಅದು ಮನೇಲಾದರೂ ಇರುತ್ತೆ."

ಮಗಳು ನಕ್ಕಿದ್ದಳು. ನಕ್ಕು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತಿದ್ದಳು.

ಈಗ ಅಮ್ಮನ ಕಣ್ಣು ಹಳದಿಗೆ ತಿರುಗಿತ್ತು. ಡಾಕ್ಟರು ಮತ್ತೊಂದು ದಿನ ಕೊಟ್ಟರು. ಈ ಶುಕ್ರವಾರ. "ಈ ಸಲ ಮುಂದೆ ಹಾಕಿದರೆ ಮತ್ತೆ ನನ್ನ ಹತ್ರ ಬರಬೇಡಿ. ಬರೋ ಸ್ಥಿತಿಯಲ್ಲೂ ಇರಲ್ಲ ಅವರು," ಎಂದು ಮುಖ ನೋಡದೆ ಹೇಳಿದರು. ಗುರುವಾರ ಬೆಳಿಗ್ಗೆಯೇ ಅಮ್ಮ ಆಸ್ಪತ್ರೆಗೆ ಸೇರಬೇಕು, ಪಕ್ಕದ ಮನೆಯಾಕೆ ಕರೆದುಕೊಂಡು ಹೋಗಿ ಸೇರಿಸುತ್ತಾಳೆ. ಶುಕ್ರವಾರ ಬೆಳಿಗ್ಗೆ ಮಗಳು ಅಲ್ಲಿರಲೇಬೇಕು.

ಲೋಟ ಒರೆಸಿಟ್ಟು ಚಿಕ್ಕ ಸೊಸೆ ಅತ್ತೆಯ ಮೇಜಿಗೆ ಹೋದಳು.

"ಅತ್ತೆ, ನಾಡಿದ್ದು ಶುಕ್ರವಾರ ರಜೆ ಬೇಕು. ಅಮ್ಮನ ಆಪರೇಷನ್ನು."

ಅತ್ತೆ ಸುತ್ತ ನೋಡಿ ದನಿ ಇಳಿಸಿದಳು. "ಮನೆಯವರಿಗೆ ಹುಷಾರಿಲ್ಲದಿದ್ರೆ ರಜೆ ಇದೆ. ಅದರಲ್ಲಿ ಅನುಮಾನವೇ ಇಲ್ಲ."

"ಹಾಗಾದ್ರೆ ಕೊಡಿ."

"ಮನೆಯವರು ಅಂದ್ರೆ ಮರದಲ್ಲಿರೋರು. ನಾನು ಬೆಳಿಗ್ಗೆ ಎಲ್ಲರನ್ನೂ ವಿಚಾರಿಸಿದೆ. ನಮ್ಮ ಮನೇಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ."

"ನನ್ನ ಹೆತ್ತಮ್ಮ ಕಣ್ರೀ."

"ಗೊತ್ತು," ಎಂದಳು ಅತ್ತೆ. "ನನ್ನ ತಂಗಿ ಮದುವೆಗೇ ನನಗೆ ರಜೆ ಸಿಗಲಿಲ್ಲ. ನಾನೇ ನನ್ನ ಅರ್ಜಿ ತಿರಸ್ಕರಿಸಿದೆ. ಕೆಳಗೆ ಸಹಿನೂ ಹಾಕಿದೆ. ಅಣ್ಣನನ್ನ ಕೇಳಿ ನೋಡಿ. ನಾಳೆ ಬೀಗದವರು ಬಂದು ಹೋದ ಮೇಲೆ ಕೇಳಿ. ಅವರ ಕೆಲಸ ಸಿಕ್ಕಿದ್ರೆ ಮನಸ್ಸು ಮೆತ್ತಗಿರುತ್ತೆ."

ಬೀಗದವರೆಂದರೆ ಬೀಗ ತಯಾರಿಸುವ ಕಂಪನಿಯವರು. ಆ ತಿಂಗಳೆಲ್ಲ ಆಫೀಸು ಅವರಿಗಾಗಿಯೇ ಬೆವರಿತ್ತು. "ಬೀಗದವರು ಬಂದ್ರೆ ನಮಗೆ ಬೀಗರು ಬಂದ ಹಾಗೆ," ಎಂದು ಅಣ್ಣ ದಿನಕ್ಕೊಮ್ಮೆ ಹೇಳುತ್ತಿದ್ದ, ಎಲ್ಲರೂ ದಿನಕ್ಕೊಮ್ಮೆ ನಗುತ್ತಿದ್ದರು. ಚಿಕ್ಕ ಸೊಸೆ ಬರೆದ ಸಾಲುಗಳನ್ನೆಲ್ಲ ಅವನು ಹರಿದುಹಾಕಿದ್ದ.

"ಭಾವನೆ ಇಲ್ಲ ಸೊಸೆ. ಈ ಬೀಗದಲ್ಲಿ ಕಣ್ಣೀರೆಲ್ಲಿದೆ?"

"ಕಣ್ಣೀರು ಹಾಕಿದ್ರೆ ತುಕ್ಕು ಹಿಡಿಯುತ್ತೆ ಸರ್."

ಹಾಗೆ ಬಾಯಿ ತಪ್ಪಿಯೇ ಅವಳು ಆ ಬೆಳಿಗ್ಗೆ ಸಿಂಕಿನ ಮುಂದೆ ನಿಂತದ್ದು.

ಗುರುವಾರ ಮಧ್ಯಾಹ್ನ ಬೀಗದ ಸಾಹುಕಾರ ಬಂದ. ಕುಳ್ಳಗೆ, ದಪ್ಪಗೆ, ಸೊಂಟದಲ್ಲೊಂದು ಕೀಲಿ ಗೊಂಚಲು. ನಡೆದರೆ ಝಣಝಣ ಎನ್ನುತ್ತಿದ್ದ. ಕುರ್ಚಿಯಲ್ಲಿ ಕೂರುವ ಮೊದಲೇ ಮರದ ಮುಂದೆ ನಿಂತುಬಿಟ್ಟ.

"ಇವರೆಲ್ಲ ನಿಮ್ಮ ಮನೆಯವರಾ?"

"ಎಲ್ಲರೂ ಸರ್."

"ಸುಮ್ನೆ ಬಾಯಿಮಾತಿಗೆ ಹಾಗಂತೀರೋ, ನಿಜವಾಗಿಯೋ? ಯಾಕೆ ಕೇಳಿದೆ ಅಂದ್ರೆ, ನಾನು ಮನೆತನದವರ ಜೊತೆ ಮಾತ್ರ ವ್ಯವಹಾರ ಮಾಡೋನು. ಸಂಬಳದವರನ್ನ ನಂಬಲ್ಲ."

ಅಣ್ಣ ಗುಟುಕು ನೀರು ಕುಡಿದ. "ನಿಜವಾಗಿ ಸರ್."

ಸಾಹುಕಾರನ ಮುಖ ಅರಳಿತು. ಕೊಂಬೆ ಕೊಂಬೆಯನ್ನೂ ಮುಟ್ಟಿ ವಿಚಾರಿಸಿದ. ಮಾವನ ಕೈ ಹಿಡಿದು ಆರೋಗ್ಯ ಕೇಳಿದ. ಅತ್ತೆಯನ್ನು ನೋಡಿ, ಈ ವಯಸ್ಸಿಗೂ ಎಷ್ಟು ಚೆನ್ನಾಗಿ ಮೈ ಕಾಪಾಡಿಕೊಂಡಿದ್ದೀರಿ ಎಂದ. ಕೆಳಗಿನ ಕೊಂಬೆಗೆ ಬಂದಾಗ ಖಾಲಿ ಚೌಕಟ್ಟು ಕಾಣಿಸಿತು.

"ನಿಮ್ಮ ಯಜಮಾನ್ರು ಎಲ್ಲಮ್ಮ?"

"ಇನ್ನೂ ಸಿಕ್ಕಿಲ್ಲ," ಎಂದಳು ಚಿಕ್ಕ ಸೊಸೆ.

"ಅಯ್ಯೋ. ಕಾಣೆಯಾಗಿದ್ದಾರಾ?"

ಅಣ್ಣ ಮುಂದೆ ಬಂದ. "ಹುಡುಕಿಸ್ತಾ ಇದ್ದೀವಿ ಸರ್. ಪೇಪರಿನಲ್ಲೂ ಹಾಕಿಸಿದ್ದೀವಿ."

ಸಾಹುಕಾರ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಅಣ್ಣ ಕೇಳುತ್ತಿದ್ದ ಕಣ್ಣೀರು ಕೊನೆಗೂ ಬೀಗಕ್ಕೆ ಸಿಕ್ಕಿತು.

"ಪಾಲು ಆಗಿದೆಯಾ ನಿಮ್ಮಲ್ಲಿ?" ಎಂದ ಸಾಹುಕಾರ, ಮೂಗು ಸೀಟಿ.

"ಇಲ್ಲ ಸರ್. ಒಟ್ಟಿಗೇ ಇದ್ದೀವಿ."

"ನಾವೂ ಹಾಗೇ ಇದ್ವಿ. ಅಣ್ಣತಮ್ಮಂದಿರು ಒಂದೇ ಕೋಣೆಗೆ ಒಬ್ಬೊಬ್ಬರು ಒಂದೊಂದು ಬೀಗ ಜಡಿದು ಕೂತಿದ್ವಿ. ಪಾಲಾದ ದಿನ ನಾನು ಹೊಟ್ಟೆ ತುಂಬ ಉಂಡೆ, ಕಣ್ಣು ತುಂಬ ಮಲಗಿದೆ. ತಡ ಮಾಡಬೇಡಿ. ಮತ್ತೆ ಈ ಹೆಣ್ಣುಮಗಳಿದಾಳಲ್ಲ, ಗಂಡ ಕಾಣೆಯಾದೋಳು, ಅವಳ ಪಾಲು ಮೊದಲು ತೆಗೆದಿಡಿ."

"ಪಾಲೇನು ಬಂತು ಸರ್," ಎಂದ ಅಣ್ಣ, ಎದೆಯ ಮೇಲೆ ಕೈಯಿಟ್ಟು. "ಇಲ್ಲಿರೋದೆಲ್ಲ ಇವರದೇ."

ಆ ಮಾತನ್ನು ಎಲ್ಲರೂ ಕೇಳಿಸಿಕೊಂಡರು. ಬಾಗಿಲ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದ ಗುಡಿಸುವ ಹೆಂಗಸೂ ಕೇಳಿಸಿಕೊಂಡಳು.

ಸಾಹುಕಾರ ಒಪ್ಪಿದ. ಒಂದೇ ಒಂದು ಆಸೆ ಹೇಳಿದ. ಶುಕ್ರವಾರ ಹತ್ತು ಗಂಟೆಗೆ ಇಡೀ ಕುಟುಂಬ ಮರದ ಕೆಳಗೆ ಕೈಯಲ್ಲಿ ಬೀಗ ಹಿಡಿದು ನಿಲ್ಲಬೇಕು. ಆ ಫೋಟೋವೇ ಊರ ತುಂಬ ಜಾಹೀರಾತು. ಆಮೇಲೆ ಸಹಿ.

ಕೀಲಿ ಗೊಂಚಲಿನ ಸದ್ದು ಮೆಟ್ಟಿಲಿಳಿದ ಮೇಲೆ ಅಣ್ಣ ಅಂಗೈ ತಿಕ್ಕಿಕೊಂಡ. "ನಾಳೆ ಎಲ್ಲರೂ ಎಂಟಕ್ಕೇ ಬನ್ನಿ. ತಲೆ ಬಾಚಿಕೊಂಡು ಬನ್ನಿ."

"ಅಣ್ಣ, ನಾಳೆ ನಾನು ಬರೋಕಾಗಲ್ಲ," ಎಂದಳು ಚಿಕ್ಕ ಸೊಸೆ. "ಅಮ್ಮನ ಆಪರೇಷನ್ನು."

"ಯಾವ ಅಮ್ಮ?"

"ನಮ್ಮಮ್ಮ."

"ಮರದಲ್ಲಿದ್ದಾರಾ?"

"ಮರದಲ್ಲಿಲ್ಲ. ಆಸ್ಪತ್ರೆಯಲ್ಲಿದ್ದಾರೆ."

ಅಣ್ಣ ಅವಳ ಹೆಗಲ ಮೇಲೆ ಕೈಯಿಡಲು ಬಂದ. ಅವಳು ಹಿಂದೆ ಸರಿದಳು. ಕೈ ಗಾಳಿಯಲ್ಲೇ ನಿಂತಿತು. "ನೋಡು ಸೊಸೆ. ಮೊದಲೇ ನಿನ್ನ ಗಂಡ ಕಾಣೆಯಾಗಿದ್ದಾನೆ. ಈಗ ನೀನೂ ಕಾಣೆಯಾದ್ರೆ ಆ ಕೊಂಬೆ ಪೂರ್ತಿ ಬೋಳಾಗುತ್ತೆ. ಸಾಹುಕಾರ ಏನಂದ್ಕೊಳ್ತಾನೆ? ಆಪರೇಷನ್ ಮುಂದಿನ ವಾರ ಇಟ್ಕೋ."

"ಮುಂದಿನ ವಾರಕ್ಕೆ ಅಮ್ಮ ಇರಲ್ಲ."

"ಹಾಗೆಲ್ಲ ಕೆಟ್ಟದ್ದು ಅನ್ನಬಾರದು. ಮನೆಯಲ್ಲಿ ಒಳ್ಳೇದು ಮಾತಾಡಬೇಕು," ಎಂದು ಅಣ್ಣ ತನ್ನ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವಳು ಕುರ್ಚಿಯಲ್ಲಿ ಕೂತಳು. ಆಸ್ಪತ್ರೆಯ ಬೆಂಚು ನೆನಪಾಯಿತು. ಸಹಿ ಹಾಕುವವರಿಲ್ಲದೆ ಅಮ್ಮ ಮತ್ತೆ ಚೀಲ ಎತ್ತಿಕೊಂಡು ಬಸ್ ಸ್ಟಾಪಿಗೆ ನಡೆಯುವುದು, ನಡೆಯುತ್ತ ಕಂಬ ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತು. ರಾಜೀನಾಮೆ ಬರೆಯೋಣವೆಂದರೆ ಆಪರೇಷನ್ನಿನ ಅರ್ಧ ಖರ್ಚು ಬರಬೇಕಾದ್ದು ಈ ಆಫೀಸಿನ ವಿಮೆಯಿಂದ. ಇರುವಂತಿಲ್ಲ, ಬಿಡುವಂತಿಲ್ಲ. ಹಾಗೆ ಯೋಚಿಸುತ್ತಿದ್ದವಳು ಇದ್ದಕ್ಕಿದ್ದಂತೆ ಎದ್ದು ನಿಂತಳು.

"ಮಾವ, ನನ್ನ ಪಾಲು ಕೊಡಿ."

"ಏನು?" ಎಂದರು ಲೆಕ್ಕದವರು, ಕನ್ನಡಕ ತೆಗೆದು.

"ಇಲ್ಲಿರೋದೆಲ್ಲ ನಮ್ಮದೇ ಅಂತ ಅಣ್ಣನೇ ಅಂದ್ರಲ್ಲ. ನನ್ನ ಪಾಲು ನನಗೆ ಕೊಟ್ಟುಬಿಡಿ. ಪಾಲಾದ ಮೇಲೆ ನನ್ನದು ಬೇರೆ ಮನೆ. ನನ್ನ ಮನೆಯಿಂದ ನಾನು ಹೊರಗೆ ಹೋಗೋಕೆ ಯಾರ ರಜೆ ಕೇಳಬೇಕು?"

ಮಾವ ಅವಳನ್ನೇ ನೋಡಿದರು. ನಗುತ್ತಾರೆಂದು ಅವಳು ಅಂದುಕೊಂಡಳು. ಅವರು ನಗಲಿಲ್ಲ.

"ನನ್ನ ಹೆಂಡತಿ ದಿನಾ ಒಬ್ಬಳೇ ಕೂತು ಉಣ್ತಾಳೆ," ಎಂದರು. "ಮೊನ್ನೆ ಬಾಗಿಲು ತಟ್ಟಿದ್ರೆ ಯಾರು ಬೇಕಾಗಿತ್ತು ಅಂತ ಕೇಳಿದ್ಳು. ತಮಾಷೆಗೋ ನಿಜಕ್ಕೋ ಇನ್ನೂ ಗೊತ್ತಾಗಿಲ್ಲ. ಮೈದುನ, ನಿನ್ನ ಹತ್ರ ಆ ಹಳದಿ ಟೇಪ್ ಇದೆಯಲ್ಲ?"

ಮೈದುನ ಡ್ರಾಯರ್ ಎಳೆದ. ಟೇಪಿನ ಸುರುಳಿ ಸಿದ್ಧವಾಗಿಯೇ ಕೂತಿದ್ದಂತೆ ಉರುಳಿ ಬಂತು.

ಪಾಲು ಬಾಗಿಲಿನಿಂದ ಶುರುವಾಯಿತು. ಮಾವ ಹೆಜ್ಜೆಯಲ್ಲಿ ಅಳೆದರು, ಮೈದುನ ಮಂಡಿಯೂರಿ ಟೇಪ್ ಅಂಟಿಸಿದ. ಕಿಟಕಿ ಪಕ್ಕದ ಜಾಗ ಚಿಕ್ಕ ಸೊಸೆಗೆ ಬಂತು. ಮೈದುನ ಮೂಲೆಯ ಬೀರು ಕೇಳಿದ, ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲದಿದ್ದರಿಂದ ಬಿಟ್ಟುಕೊಟ್ಟರು. ಎಸಿ ಒಡೆಯಲಾಗದ ಆಸ್ತಿ, ಅದು ಜಂಟಿಯಾಗಿರಲಿ, ರಿಮೋಟು ವಾರಕ್ಕೊಬ್ಬರ ಮನೆಯಲ್ಲಿರಲಿ ಎಂದಾಯಿತು.

"ಪ್ರಿಂಟರು ಯಾರಿಗೆ?"

"ಅದು ಅಣ್ಣನಿಗೇ ಇರಲಿ. ಪೇಪರು ನುಂಗುತ್ತೆ."

"ಏನ್ರೀ ಇದು, ಎಲ್ಲರ ಮೇಲೂ ದೂರು ಬರೆದುಹಾಕಬೇಕಾಗುತ್ತೆ," ಎನ್ನುತ್ತ ಅತ್ತೆ ಓಡಿಬಂದಳು. ಟೇಪು ಅವಳ ಮೇಜಿನ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಅವಳು ಗೆರೆ ನೋಡಿದಳು. ಕಿಟಕಿ ನೋಡಿದಳು. "ನನಗೆ ಅರ್ಧ ಕಿಟಕಿಯೂ ಇಲ್ವಾ?"

"ನೀವು ಅತ್ತೆ. ನಿಮಗೆ ದೊಡ್ಡ ಪಾಲು," ಎಂದರು ಮಾವ. "ಗಾಜಿನ ಕೋಣೆಯಲ್ಲಿ ಅರ್ಧ."

ಅತ್ತೆ ಚಪ್ಪಲಿ ಬಿಟ್ಟು, ತಾನೇ ಟೇಪಿನ ತುದಿ ಹಿಡಿದಳು.

ಒಳಗೆ ಅಣ್ಣ ಕಣ್ಣು ಮುಚ್ಚಿ, ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲಿ ಸಾಹುಕಾರನ ಜೊತೆ ಮಾತಾಡುತ್ತಿದ್ದ. "ಹೌದು ಸರ್. ಆಗಲಿ ಸರ್. ಹತ್ತಕ್ಕೆ ಸರ್." ಟೇಪು ಬಾಗಿಲ ಕೆಳಗಿನಿಂದ ಒಳಬಂತು. ನೆಲ ದಾಟಿತು. ಮೇಜಿನ ಕಾಲು ಹತ್ತಿತು. ಮೇಜಿನ ಮೇಲೆ ಅವನ ಎರಡೂ ಮೊಣಕೈಗಳ ನಡುವೆ ಅತ್ತೆ ಅದನ್ನು ಚರ್ರೆಂದು ಎಳೆದು ಅಂಟಿಸಿದಾಗ ಅವನು ಕಣ್ಣು ತೆರೆದ.

"ಏನಿದು?"

"ಪಾಲು ಅಣ್ಣ," ಎಂದಳು ಚಿಕ್ಕ ಸೊಸೆ. "ಈ ಕಡೆ ಅತ್ತೆದು. ನಿಮ್ಮ ಎಡಗೈ ಸ್ವಲ್ಪ ತೆಗೀಬೇಕು."

ಅಣ್ಣ ಹೊರಗೆ ನೋಡಿದ. ನೆಲದ ತುಂಬ ಹಳದಿ ಗೆರೆ. ಅವನ ಕತ್ತಿನ ನರ ಉಬ್ಬಿತು. ಬೆಟ್ಟದ ಮೇಲೆ ಕಲಿತುಬಂದ ಮೆದು ದನಿ ಎಲ್ಲೋ ಉದುರಿಹೋಯಿತು.

"ಇದೇನು ನಿಮ್ಮಪ್ಪನ ಮನೆ ಅಂದ್ಕೊಂಡ್ರಾ?"

ಮಾವ ಕನ್ನಡಕ ಮೂಗಿಗೇರಿಸಿಕೊಂಡರು.

"ಅಲ್ವಾ ಅಣ್ಣ?" ಎಂದರು ಮಾವ, ತುಂಬ ನಿಧಾನವಾಗಿ.

"ಅಲ್ಲ. ಇದು ನನ್ನ ಕಂಪನಿ. ನಾನು ಕಟ್ಟಿದ್ದು. ನೀವು ಸಂಬಳಕ್ಕಿರೋ ಜನ. ನೀವು ನನಗೆ ಏನೂ ಆಗಬೇಕಾಗಿಲ್ಲ. ಗೊತ್ತಾಯ್ತಾ? ಏನೂ ಆಗಬೇಕಾಗಿಲ್ಲ."

ಆ ಮಾತಿಗೆ ಚಿಕ್ಕ ಸೊಸೆಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಹಸಿವಾಯಿತು. ಎಷ್ಟೋ ತಿಂಗಳಿನಿಂದ ಹೊತ್ತಿಗೆ ಸರಿಯಾಗಿ ಹಸಿವೇ ಆಗಿರಲಿಲ್ಲ.

"ಗೊತ್ತಾಯ್ತು ಸರ್," ಎಂದಳು.

"ಗೊತ್ತಾಯ್ತು ಸರ್," ಎಂದರು ಲೆಕ್ಕದವರು.

"ಸರಿ ಸರ್," ಎಂದ ಚಿತ್ರ ಮಾಡುವವನು.

ಎಚ್‌ಆರ್ ಹುಡುಗಿ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು, ಕೂದಲು ಸರಿಮಾಡಿಕೊಂಡು, ಮದುವೆಯಾಗದ ಹುಡುಗಿಯ ದನಿಯಲ್ಲಿ "ಥ್ಯಾಂಕ್ಸ್ ಸರ್," ಎಂದಳು.

"ಲೋಟ," ಎಂದ ಯಜಮಾನ, ಅಭ್ಯಾಸದಿಂದ. "ಸರ್ ಅಂದವರು ಲೋಟ..."

"ಅದು ಮನೆಯವರಿಗೆ ಸರ್," ಎಂದರು ಲೆಕ್ಕದವರು. "ಸಂಬಳದವರ ಕೆಲಸದಲ್ಲಿ ಲೋಟ ಇಲ್ಲ. ಆಗಿಂದ ಫೋನಿನಲ್ಲಿ ನೀವೇ ಸರ್ ಸರ್ ಅಂತಿದ್ರಿ. ನಾನು ಕೇಳಿಸ್ಕೊಂಡೆ."

ಆಗ ಮೇಜಿನ ಮೇಲಿದ್ದ ಫೋನು ಮಾತಾಡಿತು. ಅದನ್ನು ಯಾರೂ ಆರಿಸಿರಲಿಲ್ಲ.

"ಪಾಲಾಯ್ತಾ?" ಎಂದ ಬೀಗದ ಸಾಹುಕಾರ ಒಳಗಿನಿಂದ. "ಕೇಳಿಸ್ತು, ಎಲ್ಲಾ ಕೇಳಿಸ್ತು. ಒಳ್ಳೇದಾಯ್ತು. ನಮ್ಮಲ್ಲೂ ಮೊದಲು ಹೀಗೇ ಕೂಗಾಡಿದ್ದು, ನೀನು ನನಗೆ ಏನೂ ಆಗಬೇಕಾಗಿಲ್ಲ ಅಂತ. ಹೌದೂ, ಆ ಹೆಣ್ಣುಮಗಳಿಗೆ ಏನು ಬಂತು?"

"ಸರ್," ಎಂದ ಯಜಮಾನ. "ಅದು ಸರ್... ಸರ್, ಒಂದು ನಿಮಿಷ ಸರ್..."

"ನನಗೆ ನಾಳೆ ರಜೆ ಬಂತು," ಎಂದಳು ಸಾಲು ಬರೆಯುವವಳು ಫೋನಿನ ಕಡೆಗೆ ಬಾಗಿ. "ಅಮ್ಮನಿಗೆ ಆಪರೇಷನ್ನು."

"ಹೋಗಮ್ಮ, ಹೋಗು. ತಾಯಿಗಿಂತ ಹೆಚ್ಚೇ ಫೋಟೋ," ಎಂದಿತು ಫೋನು.

ಗೋಡೆ ಗಡಿಯಾರ ಆರು ತೋರಿಸಿತು. ಗುಡಿಸುವ ಹೆಂಗಸು ಪೊರಕೆಯನ್ನು ಮೂಲೆಗಿಟ್ಟಳು. "ನಾನು ನಿಮಗೇನೂ ಆಗಬೇಕಾಗಿಲ್ಲವಲ್ಲ, ಬರ್ತೀನಿ," ಎಂದಳು ಎಂದಿನಂತೆ. ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಹಿಂದೆ ಎಲ್ಲರೂ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದರು.

"ನಾವೂ ಏನೂ ಆಗಬೇಕಾಗಿಲ್ಲವಂತೆ," ಎಂದರು ಲೆಕ್ಕದವರು. "ನಡೀರಿ."

ಮೆಟ್ಟಿಲ ತುಂಬ ಚಪ್ಪಲಿಗಳ ಸದ್ದು. ಕೆಳಗಿನ ಹಾಸಿಗೆ ಅಂಗಡಿಯವನು ಏನು ಬಿದ್ದುಹೋಯಿತೆಂದು ಹೊರಗೆ ಬಂದು ನೋಡಿದ. ಮೇಲೆ, ಸಿಂಕಿನ ತುಂಬ ಕುಟುಂಬದ ಲೋಟಗಳು ಹಾಗೇ ಬಿದ್ದಿದ್ದವು.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಕಿಟಕಿಯಲ್ಲಿ ನರ್ಸು ಪೆನ್ನು ಮುಂದೆ ಮಾಡಿ ಕೇಳಿದಳು. "ಇವರಿಗೆ ನೀವು ಏನಾಗಬೇಕು?"

ಅವಳು ಸೊಸೆ ಎನ್ನಲು ಹೋಗಿ ತಡೆದುಕೊಂಡಳು. ಅಭ್ಯಾಸ ತಪ್ಪಿಹೋಗಿತ್ತು.

"ಮಗಳು," ಎಂದಳು. ಸಹಿ ಹಾಕಿದಳು.

ಅಮ್ಮನನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಬೆಂಚಿನಲ್ಲಿ ಕೂತಳು. ಹನ್ನೊಂದರ ಹೊತ್ತಿಗೆ ಫೋನು ಬಂತು. ಎಚ್‌ಆರ್ ಹುಡುಗಿ, ಪಿಸುಗುಟ್ಟುವ ದನಿಯಲ್ಲಿ.

"ಹೇಗಿದ್ದಾರೆ ಅಮ್ಮ?"

"ಒಳಗಿದ್ದಾರೆ. ಅಲ್ಲೇನು?"

"ಇಲ್ಲಿ ಫೋಟೋ ನಡೀತಿದೆ. ನಾವ್ಯಾರೂ ನಿಲ್ಲಲಿಲ್ಲ. ಕೆಲಸ ಇದೆ ಸರ್ ಅಂದ್ವಿ. ಅದಕ್ಕೆ ಬಾಡಿಗೆಗೆ ಕುಟುಂಬ ತರಿಸಿದ್ದಾರೆ. ಮಾವ, ಅತ್ತೆ, ಎಲ್ಲ ಬಾಡಿಗೆ. ಪಾಲಾಯ್ತಲ್ಲ, ಇವರು ದಾಯಾದಿಗಳು ಅಂತ ಹೇಳಿದ್ದಾರೆ, ಸಾಹುಕಾರ ನಂಬಿದ್ದಾರೆ. ನಿಮ್ಮ ಜಾಗಕ್ಕೆ ಬಂದೋಳು ನಿಮಗಿಂತ ಚೆನ್ನಾಗಿ ನಗ್ತಾಳೆ, ಬೇಜಾರು ಮಾಡ್ಕೋಬೇಡಿ. ನಿಮಗೊಬ್ಬ ಗಂಡನೂ ಸಿಕ್ಕಿದ್ದಾನೆ. ಸಾಹುಕಾರ ಅವನನ್ನ ತಬ್ಬಿಕೊಂಡು ಎಲ್ಲಿಗಪ್ಪಾ ಹೋಗಿದ್ದೆ ಅಂತ ಅಳ್ತಿದ್ದಾರೆ."

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಎದುರಿಗೆ ಕೂತಿದ್ದ ಮುದುಕರೊಬ್ಬರು ಗದರಿಸುವಂತೆ ನೋಡಿದರು.

"ಇನ್ನೊಂದು," ಎಂದಳು ಹುಡುಗಿ. ದನಿ ಇನ್ನೂ ಇಳಿಯಿತು. "ಸೋಮವಾರ ನಿಮ್ಮನ್ನ ಒಳಗೆ ಕರೀತಾರಂತೆ. ನಿಮ್ಮೊಬ್ಬರನ್ನೇ. ಕಾಗದ ರೆಡಿ ಮಾಡು ಅಂದ್ರು. ಏನು ಕಾಗದ ಅಂತ ನಿಮಗೇ ಗೊತ್ತು."

ಅವಳು ಬೆಂಚಿನಿಂದ ಎದ್ದು ನಿಂತಳು. "ಮಾಡಿದ್ರಾ?"

"ಪ್ರಿಂಟರು ಪೇಪರು ನುಂಗಿದೆ ಸರ್ ಅಂದೆ. ಮಾವ, ಅಲ್ಲ, ಲೆಕ್ಕದವರು, ಹೋಗಿ ಹೇಳಿ ಬಂದ್ರು. ಸೋಮವಾರ ಅವಳ ಜೊತೆ ನಾವೆಲ್ಲ ಒಳಗೆ ಬರ್ತೀವಿ, ಕುರ್ಚಿ ಹಾಕಿಸಿ ಅಂತ. ಗುಡಿಸೋ ಅಮ್ಮನೂ ಬರ್ತಾರಂತೆ."

"ಅವರ್ಯಾಕೆ?"

"ನಾನೂ ಅದೇ ಕೇಳಿದೆ. ಅವಳು ನನಗೇನೂ ಆಗಬೇಕಾಗಿಲ್ಲ, ಅದಕ್ಕೇ ಬರ್ತೀನಿ ಅಂದ್ರು."

ಮಧ್ಯಾಹ್ನ ವಾರ್ಡಿನ ಬಾಗಿಲು ತೆರೆದರು. ಅಮ್ಮನ ತುಟಿ ಒಣಗಿತ್ತು. ಅರಿವಳಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಮಗಳು ಒದ್ದೆ ಹತ್ತಿಯಿಂದ ತುಟಿ ಒರೆಸಿದಳು. ಚೀಲದಲ್ಲಿ ಫೋನು ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಪರದೆಯ ಮೇಲೆ ಇನ್ನೂ 'ಅಣ್ಣ' ಎಂದೇ ಬರುತ್ತಿತ್ತು. ಅವಳು ಅದನ್ನು ಮಂಚದ ಕೆಳಗೆ ತಳ್ಳಿದಳು.

ಅಮ್ಮ ಕಣ್ಣು ಅರೆತೆರೆದಳು.

"ಕಲ್ಲು?" ಎಂದಳು.

"ಹೋಯ್ತಮ್ಮ."

ಅಮ್ಮನ ಕೈ ಹೊದಿಕೆಯ ಮೇಲೆ ಏನನ್ನೋ ತಡಕಿತು.

"ನೀನು?"

"ಇಲ್ಲೇ ಇದ್ದೀನಿ."